ಹುಲ್ಲಿನ ಮೇಲಿಟ್ಟ ಎರಡನೆಯ ತಟ್ಟೆ

ಇಪ್ಪತ್ತೆಂಟು ವರುಷ ಬೆಂಕಿಯೆದುರು ನಿಂತರೂ ಅದರ ಬಿಸಿ ನಾಲಗೆಗೆ ತಾಗದಂತೆ ಕಾಪಾಡಿಕೊಂಡವನು. ಉಪ್ಪನ್ನು ಕಣ್ಣಳತೆಯಲ್ಲಿ ಹಾಕಿಯೂ ಒಮ್ಮೆಯೂ ತಪ್ಪದವನು. ಯಾರಾದರೂ ಹೊಗಳಿದರೆ ಒಲೆಯ ಕಡೆಗೆ ಮುಖ ತಿರುಗಿಸಿ ನಗುವವನು. ಉಣ್ಣಲು ಬಂದವನ ಕುಲವನ್ನು ಕೇಳದೆ ಹಸಿವನ್ನು ಮಾತ್ರ ಕೇಳುವವನು. ಊರಿನಿಂದ ಬಂದ ನೆಂಟರಿಗೆ ಚಾಳಿನ ಒಂದೇ ಕೋಣೆಯನ್ನು ಬಿಟ್ಟುಕೊಟ್ಟು ತಾನು ಹೊರಗಿನ ಓಣಿಯಲ್ಲಿ ಚಾಪೆ ಹಾಸಿಕೊಳ್ಳುವವನು. ಬೆಳಗ್ಗೆ ಬೆಂಕಿ ಹೊತ್ತಿಸುವ ಮುನ್ನ ಒಲೆಗೆ ಕೈಮುಗಿಯುವವನು. ತೀರಿಹೋದವರನ್ನು ಮರೆಯದವನು, ಇರುವವರನ್ನು ನೋಯಿಸದವನು. ಒಂದೇ ಒಂದು ಕುಂದನ್ನು ಬಿಟ್ಟರೆ ಹೇಳಿಕೊಳ್ಳುವಂಥ ಕುಂದಿಲ್ಲದವನು. ಇಂಥವನೊಬ್ಬನು ವಿಕ್ರೋಳಿಯ ಗುಡ್ಡದ ಮಗ್ಗುಲಲ್ಲಿದ್ದ ಗಾಜಿನ ಕಾರ್ಖಾನೆಯ ಅತಿಥಿಗೃಹದಲ್ಲಿ ಅಡುಗೆಯವನಾಗಿದ್ದನು. ಅವನ ಹೆಸರು ಪೂವಪ್ಪ. ಆ ಒಂದು ಕುಂದು ಯಾವುದೆಂದರೆ, ತನ್ನ ಅಡುಗೆಮನೆಗೆ ಹೊರಗಿನವರ ಪಾತ್ರೆ ಬರುವುದನ್ನು ಅವನು ಸಹಿಸುತ್ತಿರಲಿಲ್ಲ.

ಅವನು ಹುಟ್ಟಿದ್ದು ಉಡುಪಿಗೆ ಪಡುವಣ ಕಡಲಂಚಿನಲ್ಲಿ, ಮೊಗವೀರರ ಮನೆಯಲ್ಲಿ. ಮುಂಬಯಿಗೆ ಬಂದು ಕೋಟೆ ಬಡಾವಣೆಯ ಹೋಟೆಲೊಂದರಲ್ಲಿ ಲೋಟ ತೊಳೆದನು. ರಾತ್ರಿ ಶಾಲೆಯಲ್ಲಿ ಕನ್ನಡವನ್ನೂ ತುಸು ಇಂಗ್ಲಿಷನ್ನೂ ಕಲಿತನು. ಪಾರ್ಸಿ ಯಜಮಾನರೊಬ್ಬರ ಮನೆಯಲ್ಲಿ ವಿಲಾಯತಿ ಅಡುಗೆಯ ಗುಟ್ಟನ್ನು ತಿಳಿದುಕೊಂಡನು. ಹೆಂಡತಿ ಸೇವಂತಿ, ಮಗಳು ವಿನೋದಿನಿ. ಮಗಳು ಟೈಪಿಂಗ್ ಕಲಿಯುತ್ತಿದ್ದಳು, ಅಪ್ಪ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುತ್ತಿದ್ದಳು. ಅವನಿಗೆ ದೂಜನೆಂಬ ತಮ್ಮನೊಬ್ಬನಿದ್ದನು. ಒಂದು ಮಳೆಗಾಲದ ಕೊನೆಯಲ್ಲಿ ದೋಣಿ ಮರಳಿ ಬಂತು, ದೂಜ ಬರಲಿಲ್ಲ. ಅಂದಿನಿಂದ ಪ್ರತಿ ದೀಪಾವಳಿಯಲ್ಲೂ ಪೂವಪ್ಪನು ಊರಿನ ಕ್ರಮದಂತೆ ತಮ್ಮನಿಗೆ ಎಲೆ ಹಾಕುತ್ತಿದ್ದನು. ದೀಪವಿಟ್ಟು, ಎಲ್ಲವನ್ನೂ ಬಡಿಸಿ, ಬಾಗಿಲನ್ನು ಹೊರಗಿನಿಂದ ಮುಚ್ಚಿ, ಮನೆಯವರೆಲ್ಲ ಓಣಿಯಲ್ಲಿ ಸದ್ದಿಲ್ಲದೆ ನಿಲ್ಲುತ್ತಿದ್ದರು. ಸತ್ತವರು ಉಣ್ಣುವಾಗ ಬದುಕಿದ್ದವರು ನೋಡಬಾರದು, ಯಾರೂ ಆ ಹೊಸ್ತಿಲನ್ನು ದಾಟಬಾರದು. ಚಾಳಿನ ಮರಾಠಿ ನೆರೆಯವರು ಕೂಡ ಆ ಹೊತ್ತಿಗೆ ತಮ್ಮ ರೇಡಿಯೋದ ದನಿಯನ್ನು ತಾವಾಗಿ ತಗ್ಗಿಸುತ್ತಿದ್ದರು.

ಅರವತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ, ಔಷಧಿ ತುಂಬುವ ಶೀಶೆಗಳನ್ನು ಪರೀಕ್ಷಿಸುವ ವಿದ್ಯೆಯನ್ನು ಕಲಿಸಲೆಂದು ಪೋಲೆಂಡ್ ದೇಶದಿಂದ ಯಾದ್ವಿಗಾ ಎಂಬ ಮಹಿಳೆಯೊಬ್ಬರು ಆ ಕಾರ್ಖಾನೆಗೆ ಬಂದಿದ್ದರು. ಐವತ್ತರ ಆಸುಪಾಸಿನ ವಯಸ್ಸು, ಬೂದಿ ಬಣ್ಣದ ಗಿಡ್ಡ ಕೂದಲು, ಗಾಜನ್ನು ಬೆಳಕಿಗೆ ಹಿಡಿದು ಹಿಡಿದು ಕಿರಿದಾದ ಕಣ್ಣುಗಳು. ಮಾತು ಕಡಿಮೆ. ಪೂವಪ್ಪನಿಗೂ ಅವರಿಗೂ ನಡೆಯುತ್ತಿದ್ದ ಸಂಭಾಷಣೆ ಅರ್ಧ ಇಂಗ್ಲಿಷು, ಅರ್ಧ ಹಿಂದಿ, ಉಳಿದದ್ದು ಕೈಸನ್ನೆ. ಅದನ್ನು ಇಲ್ಲಿ ಕನ್ನಡದಲ್ಲಿಯೇ ಹೇಳಬೇಕಷ್ಟೆ.

ಅವರು ಬಂದ ಮೊದಲ ವರುಷದ ಕ್ರಿಸ್ಮಸ್ ಪೂವಪ್ಪನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಉಳಿದ ವಿದೇಶೀಯರೆಲ್ಲ ಗೋವೆಗೆ ಹೋಗಿದ್ದರು. ಹಬ್ಬದ ಹಿಂದಿನ ಸಂಜೆ ಪೂವಪ್ಪನು, ಇಂಗ್ಲಿಷ್ ಸಾಹೇಬರಿಗೆ ಮಾಡಿಕೊಟ್ಟು ಹೆಸರು ಗಳಿಸಿದ್ದ ಇಡೀ ಕೋಳಿಯ ರೋಸ್ಟನ್ನು ಮಾಡಿ, ಸುತ್ತ ಬಟಾಟೆ ಜೋಡಿಸಿ, ಒಬ್ಬರೇ ಕುಳಿತಿದ್ದ ಅವರ ಮುಂದೆ ಇಟ್ಟು ಬಂದನು. ಅರ್ಧ ಗಂಟೆಯ ಮೇಲೆ ಹೋಗಿ ನೋಡಿದರೆ ಕೋಳಿ ಇಟ್ಟಂತೆಯೇ ಇತ್ತು; ಒಂದು ತುಂಡು ಬ್ರೆಡ್ ಮಾತ್ರ ಮುರಿದಿತ್ತು; ಕೈವಸ್ತ್ರ ಒದ್ದೆಯಾಗಿತ್ತು. ಅವನ ಇಪ್ಪತ್ತೆಂಟು ವರುಷಗಳಲ್ಲಿ ಹಬ್ಬದ ಊಟದಿಂದ ಕಣ್ಣೀರಿಟ್ಟು ಎದ್ದವರು ಅವರೊಬ್ಬರೇ. "ಬರುವ ವರ್ಷ ಇವರು ಇದೇ ದಿನ ಹೊಟ್ಟೆ ತುಂಬ ಉಣ್ಣಬೇಕು. ಇಲ್ಲದಿದ್ದರೆ ನಾನು ಸೌಟು ಹಿಡಿದದ್ದು ಯಾತಕ್ಕೆ?" ಎಂದು ಅವನು ಸೇವಂತಿಯ ಮುಂದೆ ಹೇಳಿಕೊಂಡಿದ್ದನು.

ಆದಕಾರಣ ಎರಡನೆಯ ವರುಷ ಮೂರು ದಿನ ಮೊದಲೇ ಹೋಗಿ ಕೇಳಿದನು. ಯಾದ್ವಿಗಾ ಬಾಯಿಯವರು ಬೇಡವೆಂದು ತಲೆಯಾಡಿಸಿ, ಅವನು ಬಾಗಿಲಿನಿಂದ ಕದಲದಿರುವುದನ್ನು ಕಂಡು ಕೊನೆಗೆ ಹೇಳಿದರು: ಆ ಸಂಜೆ ತಮ್ಮ ಕಡೆಯವರು ಮಾಂಸವನ್ನು ಮುಟ್ಟುವುದಿಲ್ಲ, ಹಗಲೆಲ್ಲ ಉಪವಾಸ. ಮೀನು ಆಗಬಹುದು. ಬೀಟ್‌ರೂಟಿನ ಸಾರು. ಮತ್ತೆ ಅಮ್ಮ ಮಾಡುತ್ತಿದ್ದ ಒಂದು ಸಿಹಿಯುಂಟು, ಗೋಧಿಯನ್ನು ಇಡಿಯಾಗಿ ಬೇಯಿಸಿ ಜೇನು, ಗಸಗಸೆ ಹಾಕುವುದು. "ಅದು ಇಲ್ಲಿ ಆಗದು ಪೂವಪ್ಪಾ, ಬಿಡು" ಎಂದು ನಕ್ಕರು.

ಪೂವಪ್ಪನಿಗೆ ಕೋಳಿಯ ನೆನಪಾಗಿ ಮೈ ಕುಗ್ಗಿತು. ಉಪವಾಸದವರ ಮುಂದೆ ಮಾಂಸವನ್ನಿಟ್ಟು ಬಂದಿದ್ದನಲ್ಲ!

ಮೀನು ಅವನ ಕುಲವಿದ್ಯೆ; ಸಾರು ಕಷ್ಟವಲ್ಲ. ಸೋತದ್ದು ಗೋಧಿಯಲ್ಲಿ. ಅಕ್ಕಿಯ ನಾಡಿನವನು, ಕಿರಾಣಿ ಅಂಗಡಿಯ ಗೋಧಿಯನ್ನು ತಂದು ಹಾಗೆಯೇ ಬೇಯಲು ಹಾಕಿದನು. ಎರಡು ತಾಸು ಬೆಂದರೂ ಕಾಳುಗಳು ಸಿಪ್ಪೆ ಬಿಡದೆ ಹಲ್ಲಿಗೆ ಸಿಗುತ್ತಿದ್ದವು. ಅವನು ಹಿತ್ತಲ ಬಾಗಿಲಲ್ಲಿ ಆ ಪಾತ್ರೆಯನ್ನು ಚೆಲ್ಲುತ್ತಿದ್ದುದನ್ನು ಗೇಟಿನ ಕಾವಲುಗಾರ ಗುರಲಿಂಗಪ್ಪನು ಕಂಡನು. ಗುರಲಿಂಗಪ್ಪ ಬಿಜಾಪುರದ ಕಡೆಯವನು, ಕೊರಳಲ್ಲಿ ಲಿಂಗ, ತುಟಿಯ ಮೇಲೆ ಅಗಲ ಮೀಸೆ. ಐದು ವರುಷ ಒಂದೇ ಅಂಗಳದಲ್ಲಿ ದುಡಿದರೂ ಮೀನು ಬೇಯುವ ಒಲೆಯ ಚಹವನ್ನು ಅವನು ಒಂದು ಗುಟುಕೂ ಕುಡಿದವನಲ್ಲ.

"ಏನ್ ಪೂವಪ್ಪಣ್ಣ, ಬಂದೂಕಿಗೆ ಛರ್ರಿ ಗುಂಡು ಮಾಡಾಕತ್ತೀಯೇನು?" ಎಂದು ನಕ್ಕನು.

"ತಮಾಷೆ ಬೇಡ ಮಾರಾಯ್ರೆ. ಮೇಡಂಗೆ ಗೋಧಿ ಗಸಗಸೆ ಸಿಹಿ ಬೇಕಂತೆ. ಅವರ ಅಮ್ಮ ಮಾಡುತ್ತಿದ್ದದ್ದು."

"ಗೋದಿ, ಗಸಗಸಿ? ಅದು ನಮ್ಮ ಹುಗ್ಗಿ ಅಲ್ಲೇನೋ! ಗೋದಿಗೆ ನೀರ್ ಚಿಮುಕಿಸಿ ಒಳ್ಳಾಗ ಕುಟ್ಟಿ ಮ್ಯಾಲಿನ ಸಿಪ್ಪಿ ತಗೀಬೇಕು. ಹಂಗ ಕುದಿಸಿದ್ರ ಬರೂ ಸಂಕ್ರಾಂತಿತನಾ ಕುದಿಸ್ಬೇಕು ನೀನು. ನಮ್ಮ ಸೋಮವ್ವಗ ಹೇಳ್ತೀನಿ ತಗೋ, ಒಂದ್ ಬೋಗಾಣಿ ಮಾಡಿ ಕೊಡ್ತಾಳ."

ಅಲ್ಲಿ ಪೂವಪ್ಪನ ಆ ಒಂದು ಕುಂದು ಹೆಡೆಯೆತ್ತಿತು. "ನನ್ನ ಒಲೆಯ ಚಾ ನಿಮಗೆ ಆಗುವುದಿಲ್ಲ. ನಿಮ್ಮ ಒಲೆಯ ಹುಗ್ಗಿ ಮಾತ್ರ ನನ್ನ ಟೇಬಲಿಗೆ ಆಗಬೇಕಾ? ಬೇಡ. ಗಸಗಸೆಯ ಪಾಯಸ ಮಾಡಿಕೊಡುತ್ತೇನೆ, ಅದು ನಮಗೂ ಬರುತ್ತದೆ."

ಗುರಲಿಂಗಪ್ಪನ ಮೀಸೆ ಒಮ್ಮೆ ಅಲುಗಿತು. "ಆತು ಬಿಡಪಾ, ಮೀನದ ಮಹಾರಾಜ" ಎಂದು ಗೇಟಿಗೆ ಹೋದನು.

ಆ ದಿನ ಬಂತು. ಪೂವಪ್ಪನು ಬೆಳಗಿನ ಲೋಕಲ್ ಹಿಡಿದು ಬಂದರಿನವರೆಗೆ ಹೋಗಿ, ಅಂಗೈಗಿಂತ ಅಗಲವಾದ ಎರಡು ಮಾಂಜಿ ಮೀನುಗಳನ್ನು ಆರಿಸಿ ತಂದನು. ಡಿಸೆಂಬರ್ ಎಂದರೂ ಮುಂಬಯಿಯ ಹಗಲು ಬೆವರಿಳಿಸುತ್ತಿತ್ತು. ಅಂಗಳದ ಗುಲ್‌ಮೊಹರಿನ ಕೆಳಗೆ ನಾಯಿ ನಾಲಗೆ ಚಾಚಿ ಮಲಗಿತ್ತು. ಹಿಮ ಬೀಳುವ ದೇಶದವರಿಗೆ ಇದು ಹಬ್ಬದ ಹವೆಯೆಂದು ತೋರುವುದಾದರೂ ಹೇಗೆ ಎಂದು ಪೂವಪ್ಪನು ಬೀಟ್‌ರೂಟಿನ ಸಿಪ್ಪೆ ತೆಗೆಯುತ್ತ ಮರುಗಿದನು.

ಐದು ಗಂಟೆಗೆ ಯಾದ್ವಿಗಾ ಬಾಯಿಯವರು ಕಾರ್ಖಾನೆಯಿಂದ ಬಂದರು. ಕೈಚೀಲದಲ್ಲಿ, ಶೀಶೆಗಳನ್ನು ಒಡೆಯದಂತೆ ತುಂಬಿಡುವ ಒಣಹುಲ್ಲು ಒಂದು ಹಿಡಿ ಇತ್ತು. "ಇವತ್ತು ಮೇಜನ್ನು ನಾನೇ ಸಿದ್ಧಮಾಡುವೆ" ಎಂದರು. ಪೂವಪ್ಪನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದನು. ಅವರು ಆ ಹುಲ್ಲನ್ನು ಮೇಜಿನ ಮೇಲೆ ತೆಳ್ಳಗೆ ಹರಡಿದರು. ಅದರ ಮೇಲೆ ಬಿಳಿಯ ಬಟ್ಟೆ ಹಾಸಿದರು. ಮೇಣದ ಬತ್ತಿಯೊಂದನ್ನು ಹಚ್ಚಿದರು. ಅದರ ಮಗ್ಗುಲಿಗೆ ತಲೆಗೆ ವಸ್ತ್ರ ಕಟ್ಟಿದ ಮುದುಕಿಯೊಬ್ಬಳ ಚಿತ್ರವನ್ನು ಒರಗಿಸಿದರು. ತಮ್ಮ ತಟ್ಟೆಯನ್ನಿಟ್ಟು, ಅದರ ಎದುರಿಗೆ ಎರಡನೆಯ ತಟ್ಟೆಯೊಂದನ್ನೂ ಇಟ್ಟು, ಅದಕ್ಕೊಂದು ಕುರ್ಚಿಯನ್ನೂ ಎಳೆದರು. ಅತಿಥಿಗೃಹದಲ್ಲಿ ಬೇರೆ ಯಾರೂ ಇರಲಿಲ್ಲ. ಯಾರೂ ಬರುವವರೂ ಇರಲಿಲ್ಲ.

ಪೂವಪ್ಪನ ಕಣ್ಣು ತುಂಬಿ ಬಂತು. ದರ್ಭೆಯಂತೆ ಹಾಸಿದ ಹುಲ್ಲು, ದೀಪ, ತೀರಿಹೋದ ಹಿರಿಯಳ ಚಿತ್ರ, ಉಣ್ಣುವವರಿಲ್ಲದ ತಟ್ಟೆ. ಇನ್ನು ಕೇಳುವುದೇನಿದೆ? ಇದು ಕೇಳುವ ಮಾತೂ ಅಲ್ಲ. ಕಡಲು ಏಳು ದಾಟಿದರೂ ಸತ್ತವರಿಗೆ ಬಡಿಸುವ ಕ್ರಮ ಒಂದೇ ಎಂದುಕೊಂಡು, ಅವನು ಕೈಕಾಲು ತೊಳೆದು ಬಂದು, ಎರಡೂ ತಟ್ಟೆಗಳಿಗೆ ಮೀನನ್ನೂ ಅನ್ನವನ್ನೂ ಬಡಿಸಿ, ಸಾರನ್ನೂ ಗಸಗಸೆ ಪಾಯಸವನ್ನೂ ಬಟ್ಟಲುಗಳಲ್ಲಿಟ್ಟು, ಕಿಟಕಿಯ ಪರದೆಗಳನ್ನು ಎಳೆದನು. ಅನಂತರ ಬಹಳ ವಿನಯದಿಂದ, "ಸ್ವಲ್ಪ ಹೊತ್ತು ಹೊರಗೆ ಮೇಡಂ" ಎಂದು ವರಾಂಡದ ಕಡೆ ಕೈ ತೋರಿಸಿದನು. ಅವರು ಅಚ್ಚರಿಯಿಂದ ನೋಡಿ, "ಓ, ನಿನಗೂ ಗೊತ್ತೇ?" ಎಂದು ನಗುತ್ತ ಹೊರಗೆ ಬಂದರು. ಪೂವಪ್ಪನು ಬಾಗಿಲು ಮುಚ್ಚಿ ಮೆಟ್ಟಿಲ ಮೇಲೆ ಕುಳಿತನು.

ಅವರು ಬೆತ್ತದ ಕುರ್ಚಿಯಲ್ಲಿ ಕುಳಿತು ಆಕಾಶವನ್ನು ನೋಡತೊಡಗಿದರು. ಅವರ ನಾಡಿನಲ್ಲಿ ಆ ಸಂಜೆ ಮೊದಲ ನಕ್ಷತ್ರ ಕಾಣುವ ತನಕ ಯಾರೂ ಊಟಕ್ಕೆ ಕೂಡುವುದಿಲ್ಲ. ಅಡುಗೆಯವನು ಅದನ್ನು ಯಾರಿಂದಲೋ ಕೇಳಿ ತಿಳಿದಿದ್ದಾನೆಂದು ಅವರು ಭಾವಿಸಿದ್ದರು. ಪೂವಪ್ಪನಿಗೆ ಇದೊಂದೂ ತಿಳಿಯದು. ಒಬ್ಬರು ಮೇಲೆ ನೋಡುತ್ತಿದ್ದರು, ಇನ್ನೊಬ್ಬನು ಮುಚ್ಚಿದ ಬಾಗಿಲನ್ನು ಕಾಯುತ್ತಿದ್ದನು. ಕೆಳಗೆ ಠಾಣೆಯ ಕಡೆಯ ಲೋಕಲ್ ಹಾದುಹೋಯಿತು.

ಆಗ ಗೇಟು ಕಿರುಗುಟ್ಟಿತು. ಆ ದಿನ ಹಗಲ ಪಾಳಿ ಮುಗಿಸಿ ಮನೆಗೆ ಹೋಗಿದ್ದ ಗುರಲಿಂಗಪ್ಪನು ಶುಭ್ರವಾದ ಧೋತರವುಟ್ಟು ಬರುತ್ತಿದ್ದನು. ಹಿಂದೆ ಇಳಕಲ್ ಸೀರೆಯ ಸೆರಗು ಹೊದ್ದ ಹೆಂಡತಿ ಸೋಮವ್ವ. ಅವಳ ಕೈಯಲ್ಲಿ ಬಟ್ಟೆ ಸುತ್ತಿದ ಬೋಗುಣಿ. ಬಿಸಿ ಬೆಲ್ಲದ, ಹುರಿದ ಗಸಗಸೆಯ ಪರಿಮಳ ಅವರಿಗಿಂತ ಮೊದಲೇ ಬಂತು.

ಪೂವಪ್ಪನು ಎದ್ದು ದಡಬಡನೆ ದಾರಿಗೆ ಅಡ್ಡ ಹೋದನು. ತುಟಿಗೆ ಬೆರಳಿಟ್ಟು, ಪಿಸುದನಿಯಲ್ಲಿ, "ಈಗ ಬೇಡ, ಬರಬೇಡಿ! ಒಳಗೆ ಸತ್ತವರಿಗೆ ಬಡಿಸಿ ಆಗಿದೆ. ಯಾರೂ ಬರಬಾರದು. ಹೋಗಿ ಮಾರಾಯ್ರೆ, ಹೋಗಿ!" ಎಂದನು.

"ಏನಂದಿ?" ಗುರಲಿಂಗಪ್ಪನ ಮುಖ ಕಪ್ಪಿಟ್ಟಿತು. "ಅವತ್ತ ನಿನ್ನ ಟೇಬಲ್ಲಿಗೆ ಬ್ಯಾಡಂದಿ. ಇವತ್ತ ಸತ್ತವರ ನೆವ ತಗದಿ? ನಾವೇನ್ ಬೇಡಾಕ ಬಂದೀವೇನು? ಈಕಿ ಮುಂಜಾನಿಂದ ಕುಟ್ಟಿ ಕುಟ್ಟಿ ಕೈಗೆ ಬೊಬ್ಬಿ ತರಿಸ್ಕೊಂಡಾಳ."

"ನಡೀರಿ" ಎಂದಳು ಸೋಮವ್ವ, ನೆಲ ನೋಡುತ್ತ. ಇಬ್ಬರೂ ತಿರುಗಿ ಹೋದರು. ಗೇಟು ಮತ್ತೆ ಕಿರುಗುಟ್ಟಿತು.

ಪೂವಪ್ಪನು ಹಿಂದಿರುಗುವಷ್ಟರಲ್ಲಿ ಯಾದ್ವಿಗಾ ಬಾಯಿಯವರು ಎದ್ದು ನಿಂತಿದ್ದರು. ಗುಡ್ಡದ ಮೇಲುಗಡೆ, ಹೊಗೆಯ ಮಬ್ಬನ್ನು ತೂರಿ, ಮಿಣುಕೆಂದು ಒಂದು ನಕ್ಷತ್ರ ಮೂಡಿತ್ತು. ಆದರೆ ಅವರ ನೋಟ ಗೇಟಿನ ಕಡೆಗಿತ್ತು.

"ಯಾರು ಬಂದಿದ್ದರು?"

"ವಾಚ್‌ಮನ್ ಗುರಲಿಂಗಪ್ಪ, ಮೇಡಂ. ಅವರ ಹೆಂಡತಿ."

"ಕೈಯಲ್ಲೇನಿತ್ತು?"

"ಗೋಧಿಯದ್ದು. ಗಸಗಸೆ ಹಾಕಿದ್ದು."

"ಯಾಕೆ ಹೋದರು?"

ಪೂವಪ್ಪನು ಬಾಗಿಲನ್ನು ತೋರಿಸಿ, ಮೆಲ್ಲನೆ, "ನಿಮ್ಮ ಅಮ್ಮ ಉಣ್ಣುವ ಹೊತ್ತಲ್ಲವೇ" ಎಂದನು. ಹುಲ್ಲು, ದೀಪ, ಚಿತ್ರ, ಎರಡನೆಯ ತಟ್ಟೆ, ಎಲ್ಲವನ್ನೂ ಕೈಸನ್ನೆಯಿಂದ ಹೇಳಿ, ತನ್ನ ದೂಜನ ಕಥೆಯನ್ನೂ ನಾಲ್ಕು ಮಾತಿನಲ್ಲಿ ಹೇಳಿದನು.

ಅವರು ಸಿಟ್ಟಾಗಲಿಲ್ಲ. ಮತ್ತೆ ಕುರ್ಚಿಯಲ್ಲಿ ಕುಳಿತು, ಮಕ್ಕಳಿಗೆ ಹೇಳುವಂತೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. ಹುಲ್ಲು ಸತ್ತವರಿಗಲ್ಲ, ತಮ್ಮ ದೇವರು ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ, ಅದರ ನೆನಪಿಗಾಗಿ. ತಟ್ಟೆಯೂ ಸತ್ತವರಿಗಲ್ಲ, ಆ ಸಂಜೆ ಕರೆಯದೆ ಬರುವವರಿಗೆ. ದಾರಿಹೋಕರಾಗಲಿ, ಗುರುತಿಲ್ಲದವರಾಗಲಿ, ಬಾಗಿಲಿಗೆ ಬಂದವರನ್ನು ಆ ಒಂದು ಸಂಜೆ ಯಾರೂ ಹಿಂದಕ್ಕೆ ಕಳುಹಿಸುವುದಿಲ್ಲ. ಯುದ್ಧದ ವರುಷಗಳಲ್ಲಿ, ಮನೆಯಲ್ಲಿ ಏನೂ ಇಲ್ಲದಾಗಲೂ ಅಮ್ಮ ಆ ತಟ್ಟೆಯನ್ನು ಇಡುತ್ತಿದ್ದಳು.

"ಅಮ್ಮ ಹೋದ ಮೇಲೆ ನಾನೊಬ್ಬಳೇ. ನಮ್ಮ ಊರಲ್ಲಿ ಒಂಬತ್ತು ವರುಷ ಇಟ್ಟೆ, ಪೂವಪ್ಪಾ. ಯಾರೂ ಬರಲಿಲ್ಲ" ಎಂದು ಅವರು ಗೇಟನ್ನು ನೋಡಿದರು. "ಇವತ್ತು ಬಂದರು."

ಇಷ್ಟೇ. ಬೈದಿದ್ದರೆ ಪೂವಪ್ಪನು ತಡೆದುಕೊಳ್ಳುತ್ತಿದ್ದನು. ಅವನು ಚಪ್ಪಲಿ ಮೆಟ್ಟುವುದನ್ನೂ ಮರೆತು, ಹೆಗಲ ಮೇಲಿನ ಕೈವಸ್ತ್ರ ಜಾರಿ ಬಿದ್ದುದನ್ನೂ ಕಾಣದೆ, ಗೇಟು ದಾಟಿ ಇಳಿಜಾರಿನಲ್ಲಿ ಓಡಿದನು. ಹಳಿಯಾಚೆ ಗುರಲಿಂಗಪ್ಪನಿದ್ದ ಚಾಳಿಗೆ ಹೋಗಬೇಕಾದರೆ ರೈಲಿನ ಫಾಟಕ ದಾಟಬೇಕು. ಅವರು ದಾಟಿ ಹೋದರೆ ಆ ಸಂಜೆ ಕೈತಪ್ಪಿದಂತೆಯೇ. ಆದರೆ ಫಾಟಕ ಮುಚ್ಚಿತ್ತು. ಸೈಕಲ್ಲುಗಳ, ಕೈಗಾಡಿಗಳ ನಡುವೆ ಗುರಲಿಂಗಪ್ಪನ ಬಿಳಿಯ ಧೋತರ ಕಂಡಿತು. ಲೋಕಲ್ ಧಡಧಡಿಸಿ ಹೋಗುತ್ತಿದ್ದುದರಿಂದ ಪೂವಪ್ಪನು ಕೂಗಿದ್ದು ಕೇಳಿಸಲಿಲ್ಲ. ಅವನ ತೋಳನ್ನು ಹಿಡಿದುಕೊಂಡನು.

"ಯಾಕ? ಸತ್ತವರು ಉಂಡು ಎದ್ರೇನು?"

"ತಪ್ಪಾಯ್ತು." ಪೂವಪ್ಪನಿಗೆ ಏದುಸಿರು. "ನನಗೆ ತಿಳಿಯಲಿಲ್ಲ. ಆ ತಟ್ಟೆ ಸತ್ತವರಿಗಲ್ಲವಂತೆ ಮಾರಾಯ್ರೆ. ಕರೆಯದೆ ಬಂದವರಿಗಂತೆ. ನಿಮಗೆ. ಹಗಲೆಲ್ಲ ಉಪವಾಸವಿದ್ದು, ದೀಪ ಹಚ್ಚಿ ಒಬ್ಬರೇ ಕಾಯುತ್ತಿದ್ದಾರೆ. ಒಂಬತ್ತು ವರ್ಷ ಯಾರೂ ಬರಲಿಲ್ಲವಂತೆ. ನಾನು ಬಂದವರನ್ನೂ ಅಟ್ಟಿಬಿಟ್ಟೆ. ನನ್ನ ಮೇಲೆ ಸಿಟ್ಟಿದ್ದರೆ ನಾಳೆ ಬೈಯಿರಿ, ಈಗ ಬನ್ನಿ."

ಗುರಲಿಂಗಪ್ಪ ಕರಗಲಿಲ್ಲ. "ಮೀನಿಟ್ಟ ಮೇಜಿಗೆ ನಾ ಕೂಡಂಗಿಲ್ಲ."

ಸೋಮವ್ವ ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ. ಈಗ ಗಂಡನ ಕಡೆ ತಿರುಗಿದಳು. "ಹಗಲೆಲ್ಲಾ ಉಪಾಸ ಮಾಡಿ, ಒಬ್ಬಾಕಿ ದೀಪದ ಮುಂದ ಕುಂತಾಳಂತ. ನೀವು ಮೀನಾ ನೋಡ್ತೀರೋ, ಆಕಿ ಮಾರಿ ನೋಡ್ತೀರೋ? ನನ್ನ ಹುಗ್ಗಿ ಆರಾಕತ್ತೈತಿ, ನಾ ಹೊಂಟೆ." ಫಾಟಕ ತೆರೆಯಿತು. ಜನವೆಲ್ಲ ಅತ್ತ ಹೋದರೆ, ಆಕೆ ಬೋಗುಣಿಯನ್ನು ಎದೆಗೊತ್ತಿಕೊಂಡು ಇತ್ತ ಹೊರಟಳು. ಗಂಡಸರಿಬ್ಬರೂ ಹಿಂಬಾಲಿಸಿದರು.

ವರಾಂಡಕ್ಕೆ ಬಂದ ಮೇಲೆ ಇನ್ನೊಂದು ತೊಡಕು. ನೌಕರರು ಅತಿಥಿಗಳ ಮೇಜಿಗೆ ಕೂಡಬಾರದೆಂಬ ನಿಯಮ ಗೋಡೆಯ ಮೇಲೆಯೇ ಬರೆದಿತ್ತು. ಯಾದ್ವಿಗಾ ಬಾಯಿಯವರು ಕೈಹಿಡಿದು ಎಳೆದರೂ ಗುರಲಿಂಗಪ್ಪ ಬಾಗಿಲಲ್ಲೇ ನಿಂತನು. ಪೂವಪ್ಪ ಆ ಫಲಕವನ್ನು ಒಮ್ಮೆ ಓದಿಕೊಂಡು, "ನಾವು ಮೇಜಿಗೆ ಕೂಡಬಾರದು ಅಂತ ಉಂಟು. ಮೇಡಂ ನೆಲದ ಮೇಲೆ ಕೂಡಬಾರದು ಅಂತ ಎಲ್ಲಿಯೂ ಇಲ್ಲ" ಎಂದನು. ಅದನ್ನು ಹಿಂದಿಯಲ್ಲಿ ಕೇಳಿ ಅವರು ಗಟ್ಟಿಯಾಗಿ ನಕ್ಕರು. ಪೂವಪ್ಪ ಅವರ ಅಂಥ ನಗುವನ್ನು ಕೇಳಿದ್ದು ಅದೇ ಮೊದಲು. ಚಾಪೆ ಬಂತು, ಹುಲ್ಲು ಬಂತು, ಬಿಳಿಯ ಬಟ್ಟೆ ನೆಲಕ್ಕಿಳಿಯಿತು. ಎರಡು ತಟ್ಟೆಗಳ ಬಳಿ ಇನ್ನೆರಡು ಕೂಡಿದವು.

"ಮೀನಿಗೂ ನನಗೂ ನಡುವ ಒಂದ್ ಫಾಟಕ ಹಾಕಪಾ" ಎಂದನು ಗುರಲಿಂಗಪ್ಪ. ಪೂವಪ್ಪನು ಮೀನು ಬಡಿಸಿದ್ದ ಎರಡು ತಟ್ಟೆಗಳನ್ನು ಅವನಿಂದ ದೂರ ಸರಿಸಿ, ಬೀಟ್‌ರೂಟಿನ ಸಾರಿನ ದೊಡ್ಡ ಪಾತ್ರೆಯನ್ನು ನಡುವೆ ಇಟ್ಟನು.

ಉಣ್ಣುವ ಮೊದಲು ಯಾದ್ವಿಗಾ ಬಾಯಿಯವರು ಊರಿನಿಂದ ಬಂದ ಕಾಗದದ ಲಕೋಟೆಯೊಳಗಿಂದ ಹಪ್ಪಳಕ್ಕಿಂತ ತೆಳುವಾದ, ಅಚ್ಚೊತ್ತಿದ ಬಿಳಿಯ ಬಿಲ್ಲೆಯೊಂದನ್ನು ತೆಗೆದರು. ಒಬ್ಬರ ಕೈಯದನ್ನು ಇನ್ನೊಬ್ಬರು ಮುರಿದು ತಿಂದು, ಒಬ್ಬರಿಗೊಬ್ಬರು ಒಳ್ಳೆಯದನ್ನು ಹಾರೈಸಬೇಕು, ಆಮೇಲೆಯೇ ಊಟ. ಗುರಲಿಂಗಪ್ಪ ಅನುಮಾನದಿಂದ ಕೇಳಿದನು: "ಇದರಾಗ ತತ್ತಿ ಗಿತ್ತಿ ಐತೇನು?"

"ಬರೀ ಗೋಧಿ ಹಿಟ್ಟು, ನೀರಂತೆ" ಎಂದು ಪೂವಪ್ಪ ಕೇಳಿ ತಿಳಿಸಿದನು.

"ಹಂಗಾರ ಇದೂ ನಮ್ಮದ" ಎಂದು ಗುರಲಿಂಗಪ್ಪ ಲಿಂಗವನ್ನು ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟುಕೊಂಡನು. ಸೋಮವ್ವ ತನ್ನ ಪಾಲನ್ನು ಮುರಿಯುವಾಗ ಆ ವಿದೇಶೀಯಳ ತಲೆಯ ಮೇಲೆ ಕೈಯಿಟ್ಟು, "ತಣ್ಣಗಿರವ್ವ" ಎಂದಳು. ಅದನ್ನು ಯಾರೂ ಹಿಂದಿಗೆ ತಿರುಗಿಸಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆಮೇಲೆ ಹುಗ್ಗಿ. ಯಾದ್ವಿಗಾ ಬಾಯಿಯವರು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಅವರು ತಮ್ಮ ಭಾಷೆಯಲ್ಲಿ ಚಿತ್ರದ ಕಡೆಗೆ ಏನೋ ಒಂದು ಮಾತು ಹೇಳಿ, ತಟ್ಟೆಯನ್ನು ಮತ್ತೆ ಸೋಮವ್ವನ ಮುಂದೆ ಹಿಡಿದರು. ಮೀನೂ ಮುಗಿಯಿತು, ಸಾರೂ ಮುಗಿಯಿತು, ಗಸಗಸೆ ಪಾಯಸವೂ ಮುಗಿಯಿತು. ಪೂವಪ್ಪನು ಬೋಗುಣಿಯ ತಳದಲ್ಲಿ ಉಳಿದ ಹುಗ್ಗಿಯನ್ನು ಬೆರಳಿನಿಂದ ಬಳಿದು ತಿಂದು, ಹೊರಗಿನವರ ಪಾತ್ರೆಯನ್ನು ತನ್ನ ಅಡುಗೆಮನೆಗೆ ತಾನೇ ಒಯ್ದು, ತಾನೇ ತೊಳೆದನು. ತೊಳೆಯುವಾಗ ಹಿಂದಿನಿಂದ ಕೆಮ್ಮಿದ ಸದ್ದಾಯಿತು.

ಗುರಲಿಂಗಪ್ಪ ಹೊಸ್ತಿಲ ಹೊರಗೆ ನಿಂತು ಮೀಸೆ ಒರೆಸಿಕೊಳ್ಳುತ್ತಿದ್ದನು. "ಪೂವಪ್ಪಣ್ಣ, ಒಂದ್ ಅರ್ಧ ಕಪ್ ಚಾ ಮಾಡ್ತೀಯೇನು? ಹುಗ್ಗಿ ಭಾಳ ಆತು."

ಪೂವಪ್ಪನು ಒಲೆಯ ಕಡೆಗೆ ಮುಖ ತಿರುಗಿಸಿದನು.

ಮರುವರುಷ ಯಾದ್ವಿಗಾ ಬಾಯಿಯವರು ಕೆಲಸ ಮುಗಿಸಿ ಸ್ವದೇಶಕ್ಕೆ ಹೋದರು. ಪ್ರತಿ ಡಿಸೆಂಬರಿನಲ್ಲಿ ಲಕೋಟೆಯೊಳಗೆ ಆ ಬಿಳಿಯ ಬಿಲ್ಲೆ ಬರುತ್ತಿತ್ತು, ಹೆಚ್ಚಾಗಿ ಚೂರುಚೂರಾಗಿ. ಹಾಗೆ ಬಂದ ಚೂರುಗಳನ್ನು ಸೇವಂತಿ ದೇವರ ಹಲಗೆಯ ಮೇಲೆ ಇಡುತ್ತಿದ್ದಳು. ಚಾಳಿನ ಆ ಕೋಣೆಯಲ್ಲಿ ಅಂದಿನಿಂದ ವರುಷಕ್ಕೆ ಎರಡು ಸಲ ಹೆಚ್ಚಿನ ಎಲೆ ಬೀಳತೊಡಗಿತು: ದೀಪಾವಳಿಯಲ್ಲಿ ದೂಜನಿಗಾಗಿ, ಬಾಗಿಲು ಮುಚ್ಚಿ, ಡಿಸೆಂಬರಿನ ಆ ಸಂಜೆ ಯಾರಿಗಾಗಿಯೋ, ಬಾಗಿಲನ್ನು ಹಾರುಹೊಡೆದು. ವಿನೋದಿನಿ, "ಅಪ್ಪಾ, ಆಜ್ ಕೌನ್ ಆಯೇಗಾ?" ಎಂದು ಕೇಳಿದರೆ, "ಬರುವವರು ಬರ್ತಾರೆ ಮಗಾ, ನೀನು ನೀರಿಡು" ಎನ್ನುವನು. ಯಾರೂ ಬಾರದ ವರುಷವೂ ಇಲ್ಲದಿರಲಿಲ್ಲ. ಆದರೆ ಹುಗ್ಗಿಯ ಬೋಗುಣಿಯೊಂದು ಮಾತ್ರ ತಪ್ಪದೆ ಫಾಟಕ ದಾಟಿ ಬರುತ್ತಿತ್ತು.

ಕರೆಯದೆ ಬಂದವನಲ್ಲಿಯೇ ದೇವರು ಮೊದಲು ಹಸಿಯುತ್ತಾನೆ. ಆ ಹಸಿವನ್ನರಿತ ಪೂವಪ್ಪನ ಕೈಗೆ ನಡುಕ ಬಾರದಿರಲಿ. ಅವನ ಒಲೆಯ ಬೂದಿಯಲ್ಲಿ ಮರುದಿನದ ಕೆಂಡ ಉಳಿದಿರಲಿ. ಸೇವಂತಿಯ ಕುಂಕುಮ ಬಹುಕಾಲ ಬಾಳಲಿ. ವಿನೋದಿನಿ ಹೊಕ್ಕ ಮನೆಯ ಬಾಗಿಲೂ ಹೀಗೆಯೇ ತೆರೆದಿರಲಿ. ಕಡಲಿನಲ್ಲಿ ಹೋದವನಿಗೆ ನೆಲೆ ಸಿಗಲಿ, ಕಡಲಾಚೆ ಹೋದವಳಿಗೆ ಜೊತೆ ಸಿಗಲಿ. ಅವರ ಮನೆಯಲ್ಲಿ ಬಡಿಸಿದ ಎಲೆಯ ಮುಂದೆ ಕೂಡಲು ಎಂದೆಂದಿಗೂ ಒಬ್ಬರು ಬರುವಂತಾಗಲಿ.